ನಿಧಾನ ಅಂದ್ರೆ ಆಳ ಅಲ್ಲ

‘ಇದರಲ್ಲಿ ಬೆಸ್ಟ್ ವರ್ಷನ್ ಯಾವುದು?’

ಸಂಗೀತದ ಬಗ್ಗೆ ಕೇಳಬಹುದಾದ ಪ್ರಶ್ನೆಗಳಲ್ಲಿ ಇದರಷ್ಟು ಸೋಮಾರಿ ಪ್ರಶ್ನೆ ಇನ್ನೊಂದಿಲ್ಲ ಅನ್ನೋದು ನನ್ನ ತಕರಾರು. ಫೋನ್ ಕೊಳ್ಳುವಾಗ ಹಾಗೆ ಕೇಳ್ತೀವಿ, ಬಿರಿಯಾನಿ ತರಿಸುವಾಗ ಕೇಳ್ತೀವಿ, ಮ್ಯೂಚುವಲ್ ಫಂಡಿಗೆ ದುಡ್ಡು ಹಾಕುವಾಗಲೂ ಕೇಳ್ತೀವಿ. ಅಲ್ಲೆಲ್ಲ ಆ ಪ್ರಶ್ನೆಗೆ ಒಂದು ಅರ್ಥ ಇದೆ. ಅದೇ ಚಾಳಿಯಲ್ಲಿ, ಮುನ್ನೂರು ವರ್ಷ ಹಳೆಯದಾದ, ಎರಡು ಮೂರು ನಿಮಿಷದಲ್ಲಿ ಮುಗಿದುಹೋಗುವ ಒಂದು ಆರ್ಗನ್ ರಚನೆಯ ಮುಂದೆ ನಿಂತು ‘ಯಾರದ್ದು ನಂಬರ್ ಒನ್?’ ಅಂತ ಕೇಳಿದರೆ ಸಿಗುವ ಉತ್ತರ ಹೆಚ್ಚುಕಮ್ಮಿ ಯಾವಾಗಲೂ ಒಂದೇ: ಎಲ್ಲರಿಗಿಂತ ನಿಧಾನವಾಗಿ ನುಡಿಸಿದವರದ್ದು. ‘ಏನ್ ಆಳ ಮಾರಾಯ್ರೆ, ಕಣ್ಣಲ್ಲಿ ನೀರು ಬಂತು.’

ನಿಮ್ಮ ಕಣ್ಣೀರಿನ ಮೇಲೆ ನನಗೇನೂ ಕೋಪ ಇಲ್ಲ. ಆದರೆ ಆ ಉತ್ತರ ತಪ್ಪು, ಆ ಪ್ರಶ್ನೆಯೂ ತಪ್ಪು. ಯಾಕೆ ಅಂತ ಹೇಳೋಕೆ ಸ್ವಲ್ಪ ಜಾಗ ಬೇಕು.

ರಚನೆ ಯಾವುದು ಅಂತ ಮೊದಲು ನೋಡೋಣ. ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ‘ಇಖ್ ರೂಫ್ ತ್ಸು ದಿರ್’. ಬಾಖ್ ಕೃತಿಗಳ ಪಟ್ಟಿಯಲ್ಲಿ ಇದರ ಸಂಖ್ಯೆ ಬಿಡಬ್ಲ್ಯುವಿ 639. ಹೆಸರು ಗೊತ್ತಿಲ್ಲದಿದ್ದರೂ ನೀವಿದನ್ನು ಕೇಳಿರುವ ಸಾಧ್ಯತೆ ಇದೆ. ಆಂದ್ರೇ ತಾರ್ಕೋವ್‌ಸ್ಕಿಯ ‘ಸೊಲಾರಿಸ್’ ನೋಡಿದ್ದರೆ ಖಂಡಿತ ಕೇಳಿದ್ದೀರಿ. ‘ಶಾಂತ’, ‘ಫೋಕಸ್’, ‘ಮಳೆಗಾಲದ ಸಂಜೆ’ ಅಂತೆಲ್ಲ ಹೆಸರಿಟ್ಟುಕೊಂಡ ಪ್ಲೇಲಿಸ್ಟುಗಳಲ್ಲೂ ಇದು ಮೆಲ್ಲಗೆ ಬಂದು ಕೂತಿರುತ್ತೆ, ಕೆಲವು ಸಲ ಆರ್ಗನ್‌ನಲ್ಲಿ, ಬಹಳ ಸಲ ಪಿಯಾನೊದಲ್ಲಿ.

ಇದು ಕೋರಲ್ ಪ್ರಿಲ್ಯೂಡ್ ಅನ್ನುವ ಜಾತಿಯ ಸಂಗೀತ. ಲೂಥರನ್ ಚರ್ಚುಗಳಲ್ಲಿ ಇಡೀ ಸಭೆ ಒಟ್ಟಾಗಿ ಹಾಡುವ ಗೀತೆಗೆ ಕೋರಲ್ ಅಂತ ಹೆಸರು. ಆ ಗೀತೆಯ ರಾಗವನ್ನಿಟ್ಟುಕೊಂಡು ಆರ್ಗನಿಸ್ಟ್ ಕಟ್ಟುವ ಕಿರು ರಚನೆಯೇ ಕೋರಲ್ ಪ್ರಿಲ್ಯೂಡ್. ಕೇಳುವವರಿಗೆಲ್ಲ ರಾಗವೂ ಗೊತ್ತು, ಪದವೂ ಬಾಯಿಪಾಠ. ಹಾಗಾಗಿ ಪದ ಇಲ್ಲದೆ ಬರೀ ಆರ್ಗನ್ ಕೇಳಿಸಿದರೂ ಅವರ ತಲೆಯೊಳಗೆ ಪದ ಓಡುತ್ತಲೇ ಇತ್ತು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಬಾಖ್ 1708ರಿಂದ 1717ರವರೆಗೆ ವೈಮಾರ್‌ನ ಆಸ್ಥಾನದಲ್ಲಿದ್ದ. ಆ ವರ್ಷಗಳಲ್ಲಿ ಒಂದು ಪುಸ್ತಕ ಶುರು ಮಾಡಿದ, ‘ಓರ್ಗೆಲ್‌ಬ್ಯೂಖ್‌ಲೈನ್’, ಅಂದರೆ ಪುಟ್ಟ ಆರ್ಗನ್ ಪುಸ್ತಕ. ಒಟ್ಟು 164 ಗೀತೆಗಳ ಹೆಸರನ್ನು ಮೊದಲೇ ಬರೆದು ಜಾಗ ಬಿಟ್ಟುಕೊಂಡಿದ್ದ. ಕೊನೆಗೆ ಬರೆದದ್ದು 46. ಉಳಿದ ಪುಟಗಳು ಖಾಲಿ ಉಳಿದವು. ನಮ್ಮ ಅರ್ಧಕ್ಕೆ ನಿಂತ ಸೈಡ್ ಪ್ರಾಜೆಕ್ಟುಗಳಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕಾ! ಆಮೇಲೆ ಬರೆದ ಮುಖಪುಟದಲ್ಲಿ ಅವನು ಈ ಪುಸ್ತಕ ಯಾರಿಗೆ ಅಂತ ಹೇಳಿದ್ದಾನೆ: ಈಗಷ್ಟೇ ಕಲಿಯುತ್ತಿರುವ ಆರ್ಗನಿಸ್ಟ್‌ಗೆ. ಕೋರಲನ್ನು ಬೆಳೆಸುವುದು ಹೇಗೆ, ಕಾಲಿನಿಂದ ಪೆಡಲ್ ನುಡಿಸುವುದು ಹೇಗೆ ಅಂತ ಕಲಿಯಲಿಕ್ಕೆ. ದೇವರ ಮಹಿಮೆಗಾಗಿ, ಜೊತೆಗೆ ನೆರೆಯವರು ಇದರಿಂದ ಏನಾದರೂ ಕಲಿಯಲಿ ಅನ್ನುವುದಕ್ಕಾಗಿ. ಅಂದರೆ ನೀವು ಕತ್ತಲೆ ಕೋಣೆಯಲ್ಲಿ ಕೂತು ವಿಶ್ವದ ವಿಷಾದವನ್ನೆಲ್ಲ ತುಂಬಿಸಿ ಕೇಳುತ್ತಿರುವ ಈ ರಚನೆ ಹುಟ್ಟಾ ಒಂದು ಪಾಠಪುಸ್ತಕದ ಪುಟ.

ಪುಟದಲ್ಲಿ ಇರುವುದಾದರೂ ಎಷ್ಟು? ಮೂರೇ ದನಿ. ಆ ಪುಸ್ತಕದಲ್ಲಿ ಹೆಚ್ಚಿನವು ನಾಲ್ಕು ದನಿಯವು, ಇದು ಬೇರೆ. ಬಲಗೈಯಲ್ಲಿ ಗೀತೆಯ ರಾಗ, ಅಲ್ಲಲ್ಲಿ ಸಣ್ಣ ಅಲಂಕಾರ. ಎಡಗೈಯಲ್ಲಿ ಬಿಡುವಿಲ್ಲದೆ ಹರಿಯುವ ಸ್ವರಗಳು. ಪೆಡಲ್‌ನಲ್ಲಿ ಒಂದೇ ಅಳತೆಯ, ಮತ್ತೆ ಮತ್ತೆ ಬೀಳುವ ಹೆಜ್ಜೆ. ಮೊದಲ ಭಾಗ ಎರಡು ಸಲ ಬರುತ್ತೆ, ಆಮೇಲೆ ಎರಡನೆಯ ಭಾಗ, ಮುಗೀತು.

ಈಗ ಪದಕ್ಕೆ ಬರೋಣ. ಗೀತೆ 16ನೇ ಶತಮಾನದ್ದು, ಯೋಹಾನೆಸ್ ಅಗ್ರಿಕೋಲಾನ ಹೆಸರಿನಲ್ಲಿದೆ. ಮೊದಲ ನುಡಿಯ ತಾತ್ಪರ್ಯ ಹೀಗೆ: ಕರೀತಾ ಇದ್ದೀನಿ, ನನ್ನ ಮೊರೆ ಕೇಳು, ಈ ಹೊತ್ತಿಗೆ ಬೇಕಾದ ಕೃಪೆ ಕೊಡು, ಎದೆಗುಂದಲು ಬಿಡಬೇಡ, ಸರಿಯಾದ ನಂಬಿಕೆ ಕೊಡು, ನಿನಗಾಗಿ ಬಾಳುವ ಹಾಗೆ, ನೆರೆಯವರಿಗೆ ಉಪಯೋಗಕ್ಕೆ ಬರುವ ಹಾಗೆ, ನಿನ್ನ ಮಾತನ್ನು ನಡೆಸಿಕೊಡುವ ಹಾಗೆ ಮಾಡು.

ಗಮನಿಸಿ, ಇಲ್ಲಿ ಯಾರೂ ಕುಸಿದು ಬಿದ್ದಿಲ್ಲ. ಕುಸಿಯದಂತೆ ನೋಡಿಕೋ ಅಂತ ಕೇಳ್ತಾ ಇದ್ದಾರೆ. ಇದು ಅರ್ಜಿ. ಬೇಕಾದ್ದರ ಪಟ್ಟಿ ಇದೆ, ಕ್ರಮ ಇದೆ, ಕೊನೆಗೆ ನೆರೆಮನೆಯವರ ಪ್ರಸ್ತಾಪವೂ ಇದೆ. ಅರ್ಜಿ ಹಿಡಿದು ಬಂದವರು ಅಳುತ್ತಲೇ ಇರಬಹುದು, ಆದರೆ ಅವರು ಎದ್ದು ನಿಂತಿದ್ದಾರೆ, ನಡೆದು ಬಂದಿದ್ದಾರೆ. ಆ ಪೆಡಲಿನ ಹೆಜ್ಜೆ ನನಗೆ ಕೇಳಿಸುವುದು ಹಾಗೆಯೇ, ನಡೆಯುವವರ ಕಾಲಿನ ಸದ್ದಾಗಿ.

ಇನ್ನು ನಮ್ಮ ‘ಬೆಸ್ಟ್ ವರ್ಷನ್’ಗಳ ಕಡೆ ನೋಡಿ. ಇದೇ ರಚನೆಯನ್ನು ಕೆಲವರು ಎರಡು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ, ಕೆಲವರು ಮೂರು ನಿಮಿಷ ದಾಟಿಸುತ್ತಾರೆ. ಇಷ್ಟು ಚಿಕ್ಕ ಸಂಗೀತದಲ್ಲಿ ಒಂದು ನಿಮಿಷದ ವ್ಯತ್ಯಾಸ ಸಣ್ಣದಲ್ಲ. ಎಳೆದಷ್ಟೂ ಪೆಡಲ್ ಹೆಜ್ಜೆ ಹೆಜ್ಜೆಯಾಗಿ ಉಳಿಯೋದಿಲ್ಲ. ಒಂದರಿಂದ ಒಂದು ಬಿಡಿಸಿಕೊಂಡು ದೂರದಲ್ಲಿ ಎಲ್ಲೋ ಬೀಳುವ ಗುಡುಗಾಗುತ್ತೆ. ಎಡಗೈಯ ಹರಿವು ನಿಂತು, ಎಣಿಸಬಹುದಾದ ಬಿಡಿ ಸ್ವರಗಳಾಗುತ್ತೆ. ಗೀತೆಯ ಒಂದು ಸಾಲನ್ನು ಒಂದೇ ಉಸಿರಿನಲ್ಲಿ ಹಾಡಲು ಆಗದಷ್ಟು ಉದ್ದವಾಗುತ್ತೆ. ಸಭೆ ಹಾಡುವ ಹಾಡನ್ನು ಸಭೆಗೆ ಹಾಡಲಾಗದ ವೇಗದಲ್ಲಿ ನುಡಿಸಿ, ಅದಕ್ಕೆ ‘ಭಕ್ತಿ’ ಅಂತ ಹೆಸರು ಕೊಡೋದು ಯಾವ ನ್ಯಾಯ?

‘ಬಾಖ್‌ಗೆ ನಿಧಾನವೇ ಬೇಕಿತ್ತು’ ಅನ್ನುವವರಿಗೆ ಒಂದು ಮಾತು. ಅದೇ ಪುಸ್ತಕದಲ್ಲಿ ‘ಓ ಮೆನ್ಶ್, ಬೆವೈನ್’ ಅನ್ನುವ ಇನ್ನೊಂದು ರಚನೆ ಇದೆ, ಬಿಡಬ್ಲ್ಯುವಿ 622. ಅದರ ನೆತ್ತಿಯ ಮೇಲೆ ಬಾಖ್ ‘ಅದಾಜಿಯೊ ಅಸ್ಸಾಯಿ’ ಅಂತ ಬರೆದಿದ್ದಾನೆ, ಬಹಳ ನಿಧಾನ ಅಂತ ಅರ್ಥ. ಮುಗಿಯುವ ಕಡೆ ‘ಅದಾಜಿಸ್ಸಿಮೊ’, ಇನ್ನೂ ನಿಧಾನ. 610ರ ಮೇಲೆ ‘ಲಾರ್ಗೊ’ ಇದೆ, 611ರ ಮೇಲೆ ‘ಅದಾಜಿಯೊ’ ಇದೆ. ಅಂದರೆ ನಿಧಾನ ಬೇಕಾದಾಗ ನಿಧಾನ ಅಂತ ಬರೆಯಲು ಅವನ ಹತ್ತಿರ ಶಾಯಿ ಇತ್ತು, ಪದವೂ ಇತ್ತು. 639ರ ಮೇಲೆ ಬರೆದದ್ದು ಎರಡು ಕೀಲಿಮಣೆ, ಪೆಡಲ್ ಅಂತ ಮಾತ್ರ. ಕಾಲದ ಬಗ್ಗೆ ಒಂದಕ್ಷರವೂ ಇಲ್ಲ. ಇದರಿಂದ ‘ಓಡಿಸಿ’ ಅಂತ ಅರ್ಥ ಬರೋದಿಲ್ಲ, ಒಪ್ಪಿದೆ. ಆದರೆ ತೆವಳಿಸಿ ಅಂತಲೂ ಬರೋದಿಲ್ಲ ತಾನೆ?

ಹಾಗಾದರೆ ಈ ತೆವಳುವ ರುಚಿ ನಮಗೆ ಎಲ್ಲಿಂದ ಅಂಟಿತು? ಒಂದು ದಾರಿ ಸಿನಿಮಾದ್ದು. 1972ರ ‘ಸೊಲಾರಿಸ್’ನಲ್ಲಿ ತಾರ್ಕೋವ್‌ಸ್ಕಿ ಈ ಸಂಗೀತವನ್ನು ಭೂಮಿಯ ನೆನಪಿನ ಜೊತೆ, ಕಳೆದುಕೊಂಡವರ ಜೊತೆ ಕಟ್ಟಿಹಾಕಿದ. ಅದ್ಭುತವಾಗಿಯೇ ಕಟ್ಟಿದ. ಅಲ್ಲಿಂದ ಮುಂದೆ ಲಕ್ಷಾಂತರ ಜನರಿಗೆ ಇದು ಮೊರೆಯಲ್ಲ, ವಿರಹ. ಇನ್ನೊಂದು ದಾರಿ ಪಿಯಾನೊದ್ದು. 19ನೇ ಶತಮಾನದ ಕೊನೆಯಲ್ಲಿ ಫೆರುಚ್ಚೊ ಬುಸೋನಿ ಬಾಖ್‌ನ ಹತ್ತು ಕೋರಲ್ ಪ್ರಿಲ್ಯೂಡುಗಳನ್ನು ಪಿಯಾನೊಗೆ ಅಳವಡಿಸಿದ. ಅದರಲ್ಲಿ ಇದೂ ಒಂದು. ದಿನು ಲಿಪಾಟಿ 1950ರಲ್ಲಿ, ತೀರಿಕೊಳ್ಳುವ ಕೆಲವೇ ತಿಂಗಳ ಮುಂಚೆ, ಜಿನೀವಾದಲ್ಲಿ ಅದನ್ನು ಧ್ವನಿಮುದ್ರಿಸಿದರು. ಆಗ ಅವರಿಗೆ 33 ವರ್ಷ. ಆ ಕಥೆ ಗೊತ್ತಿದ್ದೂ ಒಣ ಕಣ್ಣಿನಿಂದ ಕೇಳೋದು ಕಷ್ಟ. ಎರಡೂ ದೊಡ್ಡ ಕೆಲಸಗಳೇ. ನನ್ನ ಜಗಳ ತಾರ್ಕೋವ್‌ಸ್ಕಿ ಜೊತೆಗೂ ಇಲ್ಲ, ಲಿಪಾಟಿ ಜೊತೆಗೂ ಇಲ್ಲ. ಸಿನಿಮಾದ ಮತ್ತು ಪಿಯಾನೊದ ದುಃಖವನ್ನು ಅಳತೆಗೋಲು ಮಾಡಿಕೊಂಡು ಆರ್ಗನಿಸ್ಟುಗಳಿಗೆ ಅಂಕ ಕೊಡ್ತಾ ಕೂತಿದ್ದೀವಲ್ಲ, ಅದರ ಜೊತೆ.

ಯಾಕೆಂದರೆ ಆರ್ಗನ್ ಬೇರೆಯದೇ ಪ್ರಾಣಿ. ಪಿಯಾನೊ ಮನೆಯನ್ನು ಜೋರಾಗಿ ಒತ್ತಿದರೆ ಜೋರು ಸದ್ದು, ಮೆಲ್ಲಗೆ ಒತ್ತಿದರೆ ಮೆಲ್ಲನೆ ಸದ್ದು, ಒತ್ತಿದ ಕ್ಷಣದಿಂದ ಸ್ವರ ಸಾಯಲು ಶುರು. ಆರ್ಗನ್‌ನಲ್ಲಿ ಬೆರಳಿನ ಬಲಕ್ಕೆ ಸದ್ದು ಹೆಚ್ಚೂ ಆಗೋದಿಲ್ಲ, ಕಡಿಮೆಯೂ ಆಗೋದಿಲ್ಲ. ಒತ್ತಿದರೆ ಒಂದು ಬಾಗಿಲು ತೆರೆಯುತ್ತೆ, ಗಾಳಿ ಕೊಳವೆಗೆ ನುಗ್ಗುತ್ತೆ. ಬಿಟ್ಟರೆ ಬಾಗಿಲು ಮುಚ್ಚುತ್ತೆ. ನಡುವೆ ಸ್ವರ ಸಾಯೋದಿಲ್ಲ. ಹಾಗಾಗಿ ಆರ್ಗನಿಸ್ಟಿನ ಕೈಯಲ್ಲಿ ಉಳಿಯುವುದು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು, ಎರಡು ಸ್ವರದ ನಡುವೆ ಎಷ್ಟು ಮೌನ ಬಿಡಬೇಕು ಅನ್ನುವ ಲೆಕ್ಕ. ಇನ್ನೊಂದು, ಯಾವ ಕೊಳವೆಗಳ ಸಾಲನ್ನು ನುಡಿಸಬೇಕು ಅನ್ನುವ ಆಯ್ಕೆ. ಆರ್ಗನಿಸ್ಟ್ ತೋರಿಸುವ ‘ಭಾವ’ ಇರೋದೆಲ್ಲ ಈ ಎರಡರಲ್ಲಿ ಮತ್ತು ಕಾಲದಲ್ಲಿ.

ಆ ಎರಡನೆಯ ಆಯ್ಕೆ ಇದೆಯಲ್ಲ, ಅಲ್ಲಿಗೆ ಬಂದಾಗ ನಿಮ್ಮ ರ‍್ಯಾಂಕಿಂಗ್ ಪೂರ್ತಿ ಕುಸಿಯುತ್ತೆ. ಏಕೆಂದರೆ ಯಾವ ಕೊಳವೆ ಇದೆ ಅನ್ನೋದನ್ನು ತೀರ್ಮಾನಿಸಿದ್ದು ಆರ್ಗನಿಸ್ಟ್ ಅಲ್ಲ. ಬಹಳ ಸಲ ಅವರು ಹುಟ್ಟುವ ಇನ್ನೂರು ಮುನ್ನೂರು ವರ್ಷ ಮುಂಚೆಯೇ ಯಾರೋ ಒಬ್ಬ ಬಡಗಿ, ಯಾರೋ ಒಬ್ಬ ತವರ ಸೀಸ ಕರಗಿಸುವವ ಅದನ್ನು ತೀರ್ಮಾನಿಸಿದ್ದಾನೆ. ಪಿಟೀಲಿನವರು ತಮ್ಮ ಪಿಟೀಲನ್ನು ಹೆಗಲಿಗೆ ಹಾಕಿಕೊಂಡು ಊರೂರು ಸುತ್ತುತ್ತಾರೆ. ಆರ್ಗನಿಸ್ಟ್ ಬರಿಗೈಯಲ್ಲಿ ಬರುತ್ತಾರೆ. ವಾದ್ಯ ಆ ಊರಿನದ್ದು, ಆ ಕಟ್ಟಡದ್ದು.

ಉದಾಹರಣೆಗೆ ಹೆಲ್ಮುಟ್ ವಾಲ್ಖಾ ಅವರನ್ನು ತಗೊಳ್ಳಿ. 1907ರಲ್ಲಿ ಲೈಪ್‌ಜಿಗ್‌ನಲ್ಲಿ ಹುಟ್ಟಿದವರು, ಹರೆಯದಲ್ಲೇ ಕಣ್ಣು ಕಳೆದುಕೊಂಡವರು. ಬೇರೆಯವರು ಒಂದೊಂದೇ ದನಿಯನ್ನು ನುಡಿಸಿ ತೋರಿಸಿದರೆ, ಕೇಳಿ ನೆನಪಿಟ್ಟು, ಆಮೇಲೆ ತಲೆಯಲ್ಲಿ ಎಲ್ಲವನ್ನೂ ಕೂಡಿಸಿಕೊಳ್ಳುತ್ತಿದ್ದರು. ಇದು ಗೊತ್ತಾದ ಮೇಲೆ ಅವರ ಧ್ವನಿಮುದ್ರಿಕೆ ಕೇಳಿ: ಮೂರು ದನಿ ಮೂರು ಜನರ ಹಾಗೆ ಬೇರೆ ಬೇರೆಯಾಗಿ ಕೇಳಿಸುತ್ತೆ. ಅವರು ಬಾಖ್‌ನ ಆರ್ಗನ್ ಕೃತಿಗಳ ಮುದ್ರಣಕ್ಕೆ ಎರಡು ಸಲ ಕೂತರು. ಮೊದಲ ಸಲ ಲುಬೆಕ್ ಮತ್ತು ಕಾಪೆಲ್‌ನಲ್ಲಿ, ಎರಡನೆಯ ಸಲ ಆಲ್ಕ್‌ಮಾರ್ ಮತ್ತು ಸ್ಟ್ರಾಸ್‌ಬರ್ಗ್‌ನಲ್ಲಿ. ಕಾಪೆಲ್ ಒಂದು ಹಳ್ಳಿ. ಅಲ್ಲಿರುವ ಆರ್ಪ್ ಶ್ನಿಟ್ಗರ್‌ನ ಆರ್ಗನ್ 1680ರದ್ದು. ಹ್ಯಾಂಬರ್ಗ್‌ನ ಒಂದು ಚರ್ಚಿಗೆಂದು ಕಟ್ಟಿದ್ದು, 1816ರಲ್ಲಿ ಆ ಹಳ್ಳಿಗೆ ಬಂತು. ಆಲ್ಕ್‌ಮಾರ್‌ನದ್ದು ಭಾರಿ ಗೋಥಿಕ್ ಚರ್ಚು. ಅಲ್ಲಿಯ ಆರ್ಗನ್ನನ್ನು 1725ರಲ್ಲಿ ಹೊಸದಾಗಿ ರೂಪಿಸಿದವನು ಆರ್ಪ್‌ನ ಮಗ ಫ್ರಾನ್ಸ್ ಕಾಸ್ಪರ್. ಮನುಷ್ಯ ಅವನೇ, ಬೆರಳು ಅವೇ, ಸಂಗೀತ ಅದೇ. ಆದರೂ ಎರಡು ಸಲದ ಸದ್ದಿನಲ್ಲಿ ಅಜಗಜಾಂತರ. ಈಗ ಹೇಳಿ, ‘ವಾಲ್ಖಾ ವರ್ಷನ್’ ಅಂದರೆ ಯಾವುದು?

ಇನ್ನೊಬ್ಬರು ಮಾರಿ-ಕ್ಲೇರ್ ಅಲ್ಯಾಂ. 1926ರಿಂದ 2013ರವರೆಗೆ ಬದುಕಿದ್ದ ಫ್ರಾನ್ಸಿನ ಆರ್ಗನಿಸ್ಟ್. ಬಾಖ್‌ನ ಆರ್ಗನ್ ಕೃತಿಗಳನ್ನು ಇಡಿಯಾಗಿ ಮೂರು ಸಲ ಧ್ವನಿಮುದ್ರಿಸಿದರು. ಮೊದಲ ಸಲ ಹೆಚ್ಚಾಗಿ ಡೆನ್ಮಾರ್ಕಿನ ಮಾರ್ಕುಸೆನ್ ಕಂಪನಿಯ ಹೊಸ ಆರ್ಗನ್‌ಗಳ ಮೇಲೆ. ಮೂರನೆಯ ಸಲ ಹುಡುಕಿ ಹುಡುಕಿ ಬಾಖ್ ಕಾಲದ ಹಳೆಯ ಆರ್ಗನ್‌ಗಳ ಮೇಲೆ. ಒಂದೇ ಜೀವನದಲ್ಲಿ ಒಬ್ಬರು ಮೂರು ಸಲ ಯಾಕೆ ಈ ಕಷ್ಟ ತಗೊಂಡರು? ಮೊದಲನೆಯದೇ ‘ಬೆಸ್ಟ್’ ಆಗಿದ್ದರೆ ಅಲ್ಲಿಗೆ ನಿಲ್ಲಿಸಬಹುದಿತ್ತಲ್ಲ. ಬೇರೆ ವಾದ್ಯ ಬೇರೆ ಪಾಠ ಹೇಳುತ್ತೆ, ಅದಕ್ಕೇ. ಹಳೆಯ ಆರ್ಗನ್‌ನಲ್ಲಿ ಮನೆಯಿಂದ ಕೊಳವೆಯ ಬಾಗಿಲವರೆಗೆ ಮರದ ಕಡ್ಡಿಗಳ ನೇರ ಸಂಪರ್ಕ. ಬಾಗಿಲು ತೆರೆಯುವ ಆ ಸಣ್ಣ ತಡೆ ಬೆರಳಿಗೆ ತಾಗುತ್ತೆ. ಬೆರಳು ಬೇರೆ ಥರ ಯೋಚಿಸಲು ಶುರು ಮಾಡುತ್ತೆ.

ಮೂರನೆಯದು ಕಟ್ಟಡ. ದೊಡ್ಡ ಕಲ್ಲಿನ ಚರ್ಚಿನಲ್ಲಿ ಒಂದು ಸ್ವರ ನಿಂತ ಮೇಲೂ ಹಲವು ಸೆಕೆಂಡು ಗಾಳಿಯಲ್ಲಿ ತೇಲುತ್ತಾ ಇರುತ್ತೆ. ಅಲ್ಲಿ ವೇಗವಾಗಿ ನುಡಿಸಿದರೆ ಎಡಗೈಯ ಸ್ವರಗಳೆಲ್ಲ ಕಲಸಿ ಅಂಬಲಿ. ಆರ್ಗನಿಸ್ಟ್ ನಿಧಾನಿಸಲೇಬೇಕು. ಸಣ್ಣ ಒಣ ಚರ್ಚಿನಲ್ಲಿ ಆ ತೊಂದರೆ ಇಲ್ಲ. ಅಂದರೆ ನೀವು ‘ಆಹಾ, ಎಂಥ ಅಧ್ಯಾತ್ಮ’ ಅಂತ ತಲೆದೂಗಿದ ಆ ನಿಧಾನ ಎಷ್ಟೋ ಸಲ ಗೋಡೆಯ ಷರತ್ತು. ಅದರ ಮೇಲೆ ಮೈಕು ಎಲ್ಲಿಟ್ಟರು ಅನ್ನೋದು ಬೇರೆ. ಹತ್ತಿರ ಇಟ್ಟರೆ ಕೊಳವೆ ಬಾಯಿ ಬಿಡುವ ‘ಚಿಫ್’ ಕೂಡ ಕೇಳಿಸುತ್ತೆ, ದೂರ ಇಟ್ಟರೆ ಎಲ್ಲ ಮಂಜು. ಆ ಮಂಜಿಗೂ ನಾವು ಆರ್ಗನಿಸ್ಟಿನ ಖಾತೆಗೇ ಅಂಕ ಹಾಕ್ತೀವಿ.

ನಾಲ್ಕನೆಯದು ಶ್ರುತಿ. ಈ ರಚನೆ ಎಫ್ ಮೈನರ್‌ನಲ್ಲಿದೆ. ಇವತ್ತಿನ ಪಿಯಾನೊದಲ್ಲಿ ಎಲ್ಲ ಸ್ವರಗಳ ನಡುವಿನ ಅಂತರ ಸಮ, ಹಾಗಾಗಿ ಎಫ್ ಮೈನರ್‌ಗೂ ಎ ಮೈನರ್‌ಗೂ ಎತ್ತರದಲ್ಲಷ್ಟೇ ವ್ಯತ್ಯಾಸ. ಹಳೆಯ ಆರ್ಗನ್‌ಗಳ ಶ್ರುತಿ ಹೀಗಿರಲಿಲ್ಲ. ಹೆಚ್ಚು ಬಳಸುವ ಸ್ವರಮೇಳಗಳನ್ನು ಸಿಹಿಯಾಗಿಟ್ಟು, ಅದರ ಸಾಲವನ್ನೆಲ್ಲ ದೂರದ ಸ್ವರಮೇಳಗಳ ತಲೆಗೆ ಹಾಕುತ್ತಿದ್ದರು. ಎಫ್ ಮೈನರ್ ಹಾಗೆ ಸಾಲ ಹೊತ್ತ ಮನೆ. ಅಂಥ ಶ್ರುತಿಯಲ್ಲಿ ಕೇಳಿದರೆ ಇದರಲ್ಲಿ ಒಂದು ಒಗರು ಇರುತ್ತೆ, ನಾಲಿಗೆಗೆ ನೆಲ್ಲಿಕಾಯಿ ತಾಗಿದ ಹಾಗೆ. ನೋವನ್ನು ತೋರಿಸಲು ಎಳೆಯಬೇಕಾಗೇ ಇಲ್ಲ. ನೋವು ಶ್ರುತಿಯಲ್ಲೇ ಇದೆ. ಸಮ ಶ್ರುತಿಯ ನುಣುಪಿನಲ್ಲಿ ಆ ಒಗರು ಹೋಗುತ್ತೆ. ಹೋದದ್ದನ್ನು ತುಂಬಲು ಕಾಲವನ್ನು ಎಳೆಯೋದು. ಇದು ನನ್ನ ಅನುಮಾನ, ಆದರೆ ಗಟ್ಟಿ ಅನುಮಾನ.

ಇಷ್ಟೆಲ್ಲ ಇದ್ದೂ, ನಿಮ್ಮ ಆಪ್ ತೆರೆದು ನೋಡಿ. ಟ್ರ್ಯಾಕಿನ ಹೆಸರು ಇರುತ್ತೆ, ಬಾಖ್ ಇರ್ತಾನೆ, ನುಡಿಸಿದವರ ಹೆಸರಿರುತ್ತೆ, ಕವರಿನಲ್ಲಿ ಅವರ ಗಂಭೀರ ಮುಖ ಇರುತ್ತೆ. ಯಾವ ಆರ್ಗನ್? ಬಹಳ ಸಲ ಸುಳಿವೇ ಇಲ್ಲ. ಯಾವ ಊರು, ಯಾರು ಕಟ್ಟಿದ್ದು, ಯಾವ ವರ್ಷ, ಯಾವ ಶ್ರುತಿ? ಇಲ್ಲ. ಹಳೆಯ ಎಲ್‌ಪಿಗಳ ಹಿಂಬದಿಯಲ್ಲಿ, ಸಿಡಿಗಳ ಜೊತೆ ಬರುತ್ತಿದ್ದ ಪುಸ್ತಿಕೆಯಲ್ಲಿ ಎಷ್ಟೋ ಸಲ ಆರ್ಗನ್‌ನ ಪ್ರತಿ ಕೊಳವೆ ಸಾಲಿನ ಪಟ್ಟಿಯೇ ಅಚ್ಚಾಗಿರುತ್ತಿತ್ತು. ಅದನ್ನೆಲ್ಲ ಉಜ್ಜಿಹಾಕಿ, ಒಂದು ಮುಖ ಮಾತ್ರ ಉಳಿಸಿ, ಕೆಳಗೆ ಒಂದು ಹೃದಯದ ಗುರುತು ಇಟ್ಟಿದ್ದಾರೆ. ನಮ್ಮಲ್ಲಿ ಬಹುತೇಕರು ಆಫೀಸಿನಲ್ಲಿ ಈ ಅನ್ಯಾಯ ನೋಡಿದವರೇ. ಹತ್ತು ಜನ ಆರು ತಿಂಗಳು ಬೆವರು ಸುರಿಸಿದ ಕೆಲಸಕ್ಕೆ ಡೆಮೊ ಕೊಟ್ಟವನ ಹೆಸರು ಮಾತ್ರ ಮೇಲಿನವರ ಮೇಲ್‌ನಲ್ಲಿ ಬಂದಾಗ ಕುದಿಯುತ್ತೆ ತಾನೆ? ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡ ಮೇಲೆ ನಾವೂ ಅದನ್ನೇ ಮಾಡ್ತೀವಿ.

ಬಾಖ್ ಕಾಲದಲ್ಲಿ ಒಬ್ಬನೇ ಕೂತು ಆರ್ಗನ್ ಅಭ್ಯಾಸ ಮಾಡಲೂ ಸಾಧ್ಯವಿರಲಿಲ್ಲ ಅನ್ನೋದು ಗೊತ್ತಾ? ಕರೆಂಟಿನ ಬ್ಲೋವರ್ ಇರಲಿಲ್ಲ. ಹಿಂದೆ ಇನ್ಯಾರೋ ನಿಂತು ತಿದಿ ತುಳಿಯಬೇಕಿತ್ತು. ಅವರು ಕಾಲೆತ್ತಿದರೆ ಬಾಖ್‌ಗೂ ದನಿ ಇಲ್ಲ. ನೆರೆಯವರಿಗೆ ಉಪಯೋಗವಾಗುವ ಹಾಗೆ ಬಾಳಿಸು ಅಂತ ಗೀತೆ ಕೇಳಿಕೊಳ್ಳುತ್ತೆ, ನೆರೆಯವರು ಕಲಿಯಲಿ ಅಂತ ಪುಸ್ತಕದ ಮುಖಪುಟ ಹೇಳುತ್ತೆ, ನುಡಿಸುವವರ ಬೆನ್ನ ಹಿಂದೆ ನೆರೆಯವರೊಬ್ಬರು ತಿದಿ ತುಳೀತಾ ಇರ್ತಾರೆ. ಈ ನೆರೆಯವರನ್ನೆಲ್ಲ ಅಳಿಸಿದ ಮೇಲೆ ಉಳಿಯೋದು ಏನು? ಒಬ್ಬ ಒಂಟಿ ಜೀನಿಯಸ್, ಅವನ ಒಂಟಿ ದುಃಖ, ಮತ್ತು ಹೆಡ್‌ಫೋನ್ ಒಳಗೆ ಒಂಟಿಯಾಗಿರುವ ನಾವು. ನಿಧಾನ ವರ್ಷನ್ ಯಾಕೆ ಗೆಲ್ಲುತ್ತೆ ಅಂದರೆ ಅದು ಈ ಒಂಟಿತನಕ್ಕೆ ಸರಿಯಾಗಿ ಹೊಂದುತ್ತೆ. ನಾವು ಹುಡುಕ್ತಾ ಇರೋದು ಬಾಖ್‌ನನ್ನು ಅಲ್ಲ, ನಮ್ಮ ಭಾನುವಾರ ರಾತ್ರಿಯ ಮನಸ್ಥಿತಿಗೆ ಒಂದು ಹಿನ್ನೆಲೆ.

ಇಲ್ಲಿಗೆ ಇನ್ನೊಂದು ಗುಂಪಿನವರು ಖುಷಿಯಿಂದ ಎದ್ದು ನಿಲ್ಲುತ್ತಾರೆ: ‘ಕರೆಕ್ಟ್! ಹಳೆಯ ಆರ್ಗನ್, ಹಳೆಯ ಶ್ರುತಿ, ಅದೊಂದೇ ಅಸಲಿ. ಮಿಕ್ಕಿದ್ದೆಲ್ಲ ಕಸ.’ ಸ್ವಲ್ಪ ಕೂತ್ಕೊಳ್ಳಿ ಸ್ವಾಮಿ. ಈ ರಚನೆ ಹುಟ್ಟಿದ ವೈಮಾರ್ ಆಸ್ಥಾನದ ಆರ್ಗನ್ ಅರಮನೆ ಚಾಪೆಲ್‌ನ ಬಹಳ ಎತ್ತರದಲ್ಲಿ, ಚಾವಣಿಯ ಹತ್ತಿರ ಇತ್ತು. ಆ ಚಾಪೆಲ್‌ಗೆ ಜನ ‘ಸ್ವರ್ಗದ ಕೋಟೆ’ ಅನ್ನುತ್ತಿದ್ದರು. ಸಂಗೀತ ಮೇಲಿನಿಂದ ಇಳಿದು ಬರುತ್ತಿತ್ತು. 1774ರಲ್ಲಿ ಅರಮನೆಗೆ ಬೆಂಕಿ ಬಿದ್ದು ಎಲ್ಲ ಬೂದಿಯಾಯ್ತು. ಹಾಗಾಗಿ ‘ಅಸಲಿ’ ಅನ್ನುವ ವಾದ್ಯ ಈ ಭೂಮಿ ಮೇಲೆ ಇಲ್ಲ. ಉಳಿದಿರುವುದು ನೆಂಟರು. ಫ್ರೈಬರ್ಗ್‌ನಲ್ಲಿ ಗಾಟ್‌ಫ್ರೀಡ್ ಸಿಲ್ಬರ್‌ಮನ್‌ನ 1714ರ ಆರ್ಗನ್ ಇದೆ. ನೌಂಬರ್ಗ್‌ನಲ್ಲಿ ತ್ಸಕಾರಿಯಾಸ್ ಹಿಲ್ಡೆಬ್ರಾಂಟ್‌ನದ್ದಿದೆ. 1746ರಲ್ಲಿ ಬಾಖ್ ಮತ್ತು ಸಿಲ್ಬರ್‌ಮನ್ ಸೇರಿ ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟ ವಾದ್ಯ ಅದು. ಇವು ನಮಗೆ ಬಹಳಷ್ಟು ಕಲಿಸುತ್ತವೆ. ಆದರೆ ಯಾವುದೂ ವೈಮಾರ್ ಅಲ್ಲ. ಅಸಲಿ ಇಲ್ಲದ ಊರಿನಲ್ಲಿ ನಕಲಿ ಹಿಡಿಯುವ ಪೊಲೀಸರಿಗೆ ಏನು ಕೆಲಸ?

‘ಅಯ್ಯೋ, ಇಷ್ಟೆಲ್ಲ ಓದಿಕೊಂಡು ಕೇಳಬೇಕಾ? ಸುಮ್ನೆ ಅನುಭವಿಸೋಕೆ ಆಗಲ್ವಾ?’ ಈ ಪ್ರಶ್ನೆ ಬಂದೇ ಬರುತ್ತೆ. ಅನುಭವಿಸಿ, ಯಾರು ಬೇಡ ಅಂದರು? ಆದರೆ ‘ಸುಮ್ನೆ’ ಅನ್ನುವ ಕಿವಿ ಯಾರಿಗೂ ಇಲ್ಲ. ನಿಮ್ಮ ಕಿವಿಗೆ ಈಗಾಗಲೇ ಸಿನಿಮಾ ಪಾಠ ಮಾಡಿದೆ, ಪ್ಲೇಲಿಸ್ಟಿನ ಹೆಸರು ಪಾಠ ಮಾಡಿದೆ, ಮೊದಲು ಕೇಳಿದ ವರ್ಷನ್ ಪಾಠ ಮಾಡಿದೆ. ಅವರ ಪಾಠ ಆಗಬಹುದು, ಗೀತೆಯ ಪದ ಮಾತ್ರ ಬೇಡ ಅಂದರೆ ಹೇಗೆ? ಕರಾವಳಿಯ ಸಿಎಸ್‌ಐ ಚರ್ಚುಗಳಲ್ಲಿ ಬೆಳೆದವರನ್ನು ಕೇಳಿ ನೋಡಿ. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದಾಗ ಜರ್ಮನ್ ಸಭಾಗೀತೆಯ ಪರಂಪರೆಯೂ ಜೊತೆಗೇ ಬಂತು. ಆ ರಾಗಗಳಿಗೆ ಕನ್ನಡ ಪದ ಕೂತಿತು. ಅಲ್ಲಿ ಹಾಡುತ್ತಾ ಬೆಳೆದವರಿಗೆ ಕೋರಲ್ ಅನ್ನೋದು ಮೂಡ್ ಅಲ್ಲ. ಅದು ಪದ, ಪಕ್ಕದಲ್ಲಿ ನಿಂತವರ ದನಿ, ಸಾಲು ಮುಗಿದಾಗ ಎಲ್ಲರೂ ಒಟ್ಟಿಗೆ ಎಳೆದುಕೊಳ್ಳುವ ಉಸಿರು. ನಿಧಾನ ಎಷ್ಟು ಅನ್ನೋದನ್ನು ಆ ಉಸಿರೇ ಹೇಳಿಕೊಡುತ್ತೆ.

ಹಾಗಂತ ಹೋಲಿಕೆಯೇ ಬೇಡ ಅನ್ನೋದು ನನ್ನ ವಾದ ಅಲ್ಲ. ಹೋಲಿಸಿ. ಜಾಸ್ತಿ ಹೋಲಿಸಿ. ಇಂಥ ಪುಟ್ಟ ರಚನೆಯ ದೊಡ್ಡ ಅನುಕೂಲ ಅಂದರೆ ಅರ್ಧ ಗಂಟೆಯಲ್ಲಿ ಹತ್ತು ಜನರನ್ನು ಕೇಳಬಹುದು. ಅಂಕ ಕೊಡೋದು ಬಿಟ್ಟು ಪ್ರಶ್ನೆ ಕೇಳಿ ಅಷ್ಟೇ. ಪೆಡಲ್ ನಡೀತಾ ಇದೆಯಾ, ನಿಂತು ಗುಡುಗ್ತಾ ಇದೆಯಾ? ಎಡಗೈಯ ಸ್ವರಗಳು ಒಂದಕ್ಕೊಂದು ಅಂಟಿಕೊಂಡಿವೆಯಾ, ನಡುವೆ ಕೂದಲೆಳೆಯ ಮೌನ ಇದೆಯಾ? ರಾಗಕ್ಕೆ ಯಾವ ಕೊಳವೆ: ಕೊಳಲಿನಂಥದ್ದಾ, ಮೂಗಿನಲ್ಲಿ ಹಾಡುವ ನಾಲಿಗೆ ಕೊಳವೆಯಾ, ದನಿ ನಡುಗಿಸುವ ಟ್ರೆಮುಲಂಟ್ ಹಾಕಿದ್ದಾರಾ? ಮೊದಲ ಭಾಗ ಎರಡನೆಯ ಸಲ ಬಂದಾಗ ಏನಾದರೂ ಬದಲಾಯ್ತಾ? ಟಾನ್ ಕೂಪ್‌ಮನ್ ಅವರಂಥವರು ಅಲಂಕಾರಗಳನ್ನು ಧಾರಾಳವಾಗಿ ಸುರಿಯುತ್ತಾರೆ, ವಾಲ್ಖಾ ಅವರಂಥವರು ಬಾಖ್ ಬರೆದದ್ದಕ್ಕೆ ಒಂದು ಎಳ್ಳಷ್ಟೂ ಸೇರಿಸಲು ಒಪ್ಪುವುದಿಲ್ಲ. ಯಾರು ಸರಿ ಅನ್ನೋದಕ್ಕಿಂತ, ಯಾಕೆ ಹಾಗೆ ಅನ್ನೋದರಲ್ಲಿ ಹೆಚ್ಚು ಸಂಗೀತ ಇದೆ. ಕೊನೆಗೆ, ಸಾಲು ಮುಗಿದಲ್ಲಿ ಉಸಿರಿಗೆ ಜಾಗ ಬಿಟ್ಟಿದ್ದಾರಾ? ಬಿಟ್ಟವರು ಪದ ಬಲ್ಲವರು.

ಈ ಪ್ರಶ್ನೆಗಳನ್ನು ಹಿಡಿದು ಕೇಳಿದರೆ ಕೆಲವು ನಿಧಾನದ ಧ್ವನಿಮುದ್ರಿಕೆಗಳು ಗೆಲ್ಲುತ್ತವೆ ಕೂಡ. ಅಲ್ಲಿ ಕಟ್ಟಡ ದೊಡ್ಡದಿರುತ್ತೆ, ಕೊಳವೆ ಬಾಯಿ ಬಿಡಲು ಸಮಯ ಬೇಕಿರುತ್ತೆ, ಆರ್ಗನಿಸ್ಟ್ ಅದನ್ನು ಕೇಳಿಸಿಕೊಂಡು ಕಾಲ ಇಟ್ಟಿರುತ್ತಾರೆ. ಅದು ಬೇರೆ. ಅಳಿಸಲೆಂದೇ ಎಳೆಯೋದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ‘ಆಳ’ ಅಂತ ಚೀಟಿ ಅಂಟಿಸಬೇಡಿ.

ಆಪ್‌ಗಳನ್ನು ನಡೆಸುವವರಿಗೂ ಒಂದು ಮಾತು. ಅವರಲ್ಲಿ ಕೆಲವರು ಇದನ್ನು ಓದುವವರೇ ಇರಬಹುದು. ‘ವಾದ್ಯ’ ಅಂತ ಒಂದು ಕಾಲಂ ಸೇರಿಸೋಕೆ ಎಷ್ಟು ಸ್ಪ್ರಿಂಟ್ ಬೇಕು ಸ್ವಾಮಿ? ಆರ್ಗನ್ ಕಟ್ಟಿದವರ ಹೆಸರು, ಊರು, ವರ್ಷ. ಮೂರು ಫೀಲ್ಡ್. ನಿದ್ದೆಗೆ, ಓಟಕ್ಕೆ, ಅಡುಗೆಗೆ, ವಿರಹಕ್ಕೆ ಬೇರೆ ಬೇರೆ ಪಟ್ಟಿ ಮಾಡುವಷ್ಟು ಜಾಣತನ ಇದ್ದವರಿಗೆ ಇದು ಆಗದ ಕೆಲಸವಲ್ಲ. ಅದು ಆಗುವವರೆಗೆ ಹುಡುಕಿಕೊಳ್ಳೋದು ನಮ್ಮ ಪಾಲಿನ ಕೆಲಸ. ಬೆರಳು ಯಾರದ್ದು ಅಂತ ಗೊತ್ತಾದ ಮೇಲೆ ಗಾಳಿ ಯಾವ ಊರಿನದ್ದು ಅಂತಲೂ ಕೇಳಿ.